ಡ್ರೈವರ್ ಚಾಚಾ ಮಾಡಿಕೊಟ್ಟ ಗಾಳಿಯ ದಾರಿ

ಚಾಚಾರ ಬಲಗಾಲು ಎಂದೂ ಸುಮ್ಮನಿರುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವಾಗಲೂ ಆ ಪಾದ ನೆಲವನ್ನು ಒತ್ತುತ್ತ, ಬಿಡುತ್ತ ಇರುತ್ತಿತ್ತು. ಬಲ ಚಪ್ಪಲಿಯ ಮುಂಭಾಗ ಮಾತ್ರ ಸವೆದು ಹಪ್ಪಳದಂತಾಗಿತ್ತು. ಜೇವರ್ಗಿಯಿಂದ ಅಫಜಲಪುರಕ್ಕೆ, ಆಳಂದಕ್ಕೆ ವರ್ಷಗಟ್ಟಲೆ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸು ಬಿಟ್ಟರೂ ಓಟ ಬಿಟ್ಟಿರಲಿಲ್ಲ. ಅರ್ಧ ಚಹಾಕ್ಕೇ ಎದ್ದು ಗಲ್ಲಿಯ ತುದಿಯವರೆಗೆ ಹೋಗಿ ಬರುತ್ತಿದ್ದರು. ಬಂದಾಗ ಚಹಾ ಆರಿರುತ್ತಿತ್ತು. ಆರಿದ್ದನ್ನೂ ನಿಂತೇ ಕುಡಿಯುತ್ತಿದ್ದರು.

ಕೊಳಕೂರ ಶಾಲೆಗೆ ವರ್ಗವಾದಾಗ ನಾನು ಜೇವರ್ಗಿಯಲ್ಲಿ ಅವರ ಪಕ್ಕದ ಮನೆ ಹಿಡಿದೆ. ಜೊತೆಗೆ ಅವ್ವ. ಕಟ್ಟಿಗೆ ಒಲೆ ಊದಿ ಊದಿ ಅವಳ ಶ್ವಾಸಕೋಶ ಹಾಳಾಗಿತ್ತು. ಮೂಗಿಗೆ ನಳಿಕೆ, ಮಗ್ಗುಲಲ್ಲಿ ಸದಾ ಗುಂಯ್ಗುಡುವ ಆಕ್ಸಿಜನ್ ಮಷಿನ್ನು. ಇರುವುದೇ ಒಂದು ಕೋಣೆ, ಅದರಲ್ಲಿ ಬೆಂಕಿ ಹಚ್ಚಲೇಬಾರದು ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಗ್ಯಾಸ್ ಹೊರಗೆ ಹೋಯಿತು, ಇಂಡಕ್ಷನ್ ಒಲೆ ಬಂತು. ಅವ್ವ ಅದನ್ನು ಕರೆಂಟ್ ಒಲಿ ಎಂದು ಕರೆದಳು.

ಬಿಸಿಲು ಏರುತ್ತಿದ್ದಂತೆ ಒಲೆಯ ಕಾಟ ಶುರುವಾಯಿತು. ಅನ್ನ ಅರ್ಧ ಬೆಂದಿರುವಾಗ ಕೀಂ ಕೀಂ ಎಂದು ಕೂಗಿ ಆರಿಬಿಡುತ್ತಿತ್ತು. ಒಳಗೆ ಕಾದು ತಾನೇ ನಿಂತುಬಿಡುವುದದು. ಅತ್ತ ಬಸ್ಸಿನ ಹೊತ್ತು, ಇತ್ತ ಅವ್ವನ ಗುಳಿಗೆಯ ಹೊತ್ತು. ಅವಳು ಉಣ್ಣದೆ ಗುಳಿಗೆ ನುಂಗುವಂತಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದರೂ ನನ್ನ ಕಿವಿಯಲ್ಲಿ ಆ ಕೀಂ ಕೀಂ. ರಿಪೇರಿಯವರು ಒಳಗಿನ ಬೋರ್ಡ್ ಬದಲಿಸಿ ಕೊಟ್ಟರು. ಸ್ವಲ್ಪ ದಿನಕ್ಕೆ ಮತ್ತೆ ಅದೇ ರಾಗ.

ಒಂದು ಬೆಳಿಗ್ಗೆ ಒಲೆಯಿಂದ ಸುಟ್ಟ ವಾಸನೆ ಬಂತು. ಅವ್ವ ಹೆದರಿ ನಳಿಕೆ ಕಿತ್ತುಕೊಂಡು ಎದ್ದಳು. ಕೋಣೆಯ ತುಂಬ ಆಕ್ಸಿಜನ್, ಒಲೆಯಲ್ಲಿ ಹೊಗೆ. ನಾನು ಏನು ಕೂಗಿದೆನೋ ನೆನಪಿಲ್ಲ. ಚಾಚಾ ಒಳಗೆ ನುಗ್ಗಿ ಪ್ಲಗ್ ಕಿತ್ತರು, ಅವ್ವನನ್ನು ಬಾಗಿಲ ಗಾಳಿಗೆ ಕೂರಿಸಿದರು, ಒಲೆಯನ್ನು ಅಂಗಳಕ್ಕೆ ಒಯ್ದಿಟ್ಟರು.

"ಬೆಂಕಿ ಇಲ್ದ ಒಲಿ ಅಂತಾರ. ಇದು ಒಳಗಿಂದೊಳಗ ತಾನ ಬೇಯಾಕತ್ತದಲ್ಲ ಬೇಟಿ!"

ಅಂದಿನಿಂದ ಅವರಿಗೆ ನೆಮ್ಮದಿ ಇಲ್ಲ. ಒಲೆ ರಿಪೇರಿಯಾಗಿ ಬಂದ ದಿನವೇ ತಮ್ಮ ಮನೆಯ ನೀರಿನ ಕೂಲರ್ ಎಳೆತಂದು ಅದರ ಎದುರಿಗೆ ಹೂಡಿದರು. ಮೊದಮೊದಲು ಒಲೆ ಚೆನ್ನಾಗಿ ನಡೆಯಿತು. ಆಮೇಲೆ ಆ ತೇವದ ಗಾಳಿ ಬೋರ್ಡಿಗೆ ಪಸೆ ಹಿಡಿಸಿ ಒಲೆ ಪೂರ್ತಿ ಸತ್ತಿತು. ಮರುದಿನ ಚಾಚಾ ತಮ್ಮ ಮನೆಯ ಇಂಡಕ್ಷನ್ ತಂದು ನಮ್ಮ ಮೇಜಿನ ಮೇಲಿಟ್ಟರು.

"ನೀವೇನ ಮಾಡ್ತೀರಿ ಚಾಚಾ?"

"ನಮ್ಮನ್ಯಾಗ ಗ್ಯಾಸ್ ಅದ. ಅಕ್ಕಾರಿಗಿ ಬ್ಯಾರೆ ದಾರಿ ಇಲ್ಲ," ಎಂದು ಅವ್ವನ ಕಡೆ ಕೈ ತೋರಿಸಿದರು.

ಹಿಂದೆಯೇ ಚಾಚಿ ಬಂದು ತಲೆ ಚಚ್ಚಿಕೊಂಡರು: "ನಿನ್ನಿಯಿಂದ ಮನಿ ತುಂಬಾ ತಿರಗಾಕತ್ತಾರ ಬೇ. ನೋಡಿ ನೋಡಿ ನನಗ ತಲಿ ಸುತ್ತಾಕತ್ತದ."

ಒಲೆ ನಡೆಯುತ್ತಿರುವಾಗ ಚಾಚಾ ಮಂಡಿಯೂರಿ, ಮೇಜಿಗೆ ಕೆನ್ನೆ ಹಚ್ಚಿ ಅದರ ಅಡಿಯಲ್ಲಿ ನೋಡಿದರು. ಮೇಜು ಕೊಳೆಯಾಗದಿರಲಿ ಎಂದು ಅವ್ವ ಹಾಸಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ತಳದ ಫ್ಯಾನು ಎಳೆದೆಳೆದು ತನ್ನ ಬಾಯಿಗೇ ಮುಚ್ಚಿಕೊಳ್ಳುತ್ತಿತ್ತು. ಹಿಂದಿನಿಂದ ಹೊರಟ ಬಿಸಿಗಾಳಿ ಗೋಡೆಗೆ ಬಡಿದು ತಿರುಗಿ ಅಡಿಗೇ ಬರುತ್ತಿತ್ತು. ಆಮೇಲೆ ಸತ್ತುಬಿದ್ದಿದ್ದ ನಮ್ಮ ಹಳೆಯ ಒಲೆಯನ್ನು ಬಿಚ್ಚಿ ನೋಡಿದರೆ ಫ್ಯಾನಿನ ರೆಕ್ಕೆಗೂ, ಬಿಸಿ ಹೀರುವ ಅಲ್ಯೂಮಿನಿಯಂ ಪಟ್ಟಿಗಳ ಸಂದಿಗೂ ಜೋಳದ ಹಿಟ್ಟು ಎಣ್ಣೆಯ ಪಸೆಯೊಡನೆ ಗಟ್ಟಿಯಾಗಿ ಮೆತ್ತಿತ್ತು. ಪಕ್ಕದಲ್ಲೇ ಅಲ್ಲವೇ ನಾನು ರೊಟ್ಟಿ ಬಡಿಯುತ್ತಿದ್ದುದು.

ಅವ್ವನ ಮುಖ ಬಾಡಿತು. "ಹಂಗಾರ ರೊಟ್ಟಿ ಬಿಡಬೇಕೇನ್ರಿ?"

"ರೊಟ್ಟಿ ಯಾಕ ಬಿಡ್ತೀರಿ ಅಕ್ಕಾರ? ಬಡಿಯೋ ಜಾಗಾ ಬದಲಿ ಮಾಡ್ರಿ ಅಷ್ಟೇ. ಒಲಿಗಿ ಎರಡ ದಾರಿ ಬೇಕ್ರಿ, ತಂಪ ಬರಾಕ ಒಂದು, ಬಿಸಿ ಹೋಗಾಕ ಒಂದು. ಎರಡೂ ಒಂದಕ್ಕೊಂದು ಕೂಡಬಾರದು."

ಬಸ್ ಸ್ಟ್ಯಾಂಡಿನ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದರು. ಹಂಚು ಇಟ್ಟಾಗ ಅದು ಅಲುಗಾಡಿತು, ಮರಳಿ ಒಯ್ದರು. ಗೋಡೆಯಿಂದ ದೂರ, ಕಿಟಕಿಯ ಬಳಿ ಒಲೆ ನಿಂತಿತು. ಬಿಸಿಗಾಳಿ ನೇರ ಕಿಟಕಿಗೆ ಹೋಗುವಂತೆ ಹಿಂದೆ ಬಗ್ಗಿಸಿದ ತಗಡು. ಹಿಟ್ಟು ತಡೆಯಲು ಒಲೆಯ ತಳಕ್ಕೆ ಸೊಳ್ಳೆಪರದೆಯ ಜಾಳಿಗೆ ಕಟ್ಟಿದರು. ಅದರ ಸಣ್ಣ ಕಣ್ಣಿನಲ್ಲಿ ಗಾಳಿ ಆಡದೆ ಒಲೆ ಮತ್ತೆ ಕೀಂ ಎಂದಿತು. ಜಾಳಿಗೆ ಹರಿದು ಬಿಸಾಡಿ, ಅಗಲ ಕಣ್ಣಿನ ತಂತಿ ಜಾಳಿಗೆಯನ್ನು ಸ್ವಲ್ಪ ದೂರ ಸರಿಸಿ ಕಟ್ಟಿದರು. ಅಂದು ಅನ್ನ, ಬೇಳೆ, ರೊಟ್ಟಿ ಮೂರೂ ಮುಗಿದವು. ಒಲೆ ಕೂಗಲಿಲ್ಲ. ಕೂಗೀತೆಂದು ನಾನೇ ಉಸಿರು ಹಿಡಿದು ನಿಂತಿದ್ದೆ.

ಅಡುಗೆಯಾದ ಕೂಡಲೇ ನಾನು ಗೋಡೆಯ ಸ್ವಿಚ್ಚಿಗೆ ಕೈ ಹಾಕಿದರೆ ಚಾಚಾ ಗದರಿದರು. "ತಡಿ ಬೇಟಿ, ಏನ ಅವಸರ? ದೂರದಿಂದ ಬಂದ ಗಾಡಿ ನಿಂತ ಕೂಡ್ಲೇ ನಾ ಇಂಜಿನ್ ಬಂದ್ ಮಾಡ್ತಿದ್ದಿಲ್ಲ. ಫ್ಯಾನ್ ತಾನ ನಿಲ್ಲಲಿ, ಆಮ್ಯಾಲ ಆರಸು." ಅವಸರದ ಬಗ್ಗೆ ಅವರ ಬಾಯಿಂದ ಬುದ್ಧಿಮಾತು! ಅವ್ವ ಮೂಗಿನಲ್ಲಿ ನಳಿಕೆ ಇದ್ದಂತೆಯೇ ನಕ್ಕಳು. ಎಷ್ಟೋ ದಿನಕ್ಕೆ ನಕ್ಕಿದ್ದಳು.

ಸರಿಯಾದ ಮೇಲೂ ಅವರಿಗೆ ಸಮಾಧಾನವಿಲ್ಲ. ದಿನಾ ಬಂದು ತಗಡಿನ ಹಿಂದೆ ಅಂಗೈ ಹಿಡಿಯುವುದು, ಬ್ರಷ್ಷಿನಿಂದ ಜಾಳಿಗೆ ಉಜ್ಜುವುದು, ಸ್ಟ್ಯಾಂಡನ್ನು ಬೆರಳಷ್ಟು ಆಚೆ ಸರಿಸುವುದು, ಮರುದಿನ ಬೆರಳಷ್ಟು ಈಚೆ. ಬೇಸಿಗೆ ಕಳೆಯಿತು. ಅವ್ವ ಹೊತ್ತಿಗೆ ಸರಿಯಾಗಿ ಉಂಡಳು, ಗುಳಿಗೆ ನುಂಗಿದಳು. ನಾನು ಶಾಲೆಯಲ್ಲಿ ಫೋನ್ ಮುಟ್ಟದೆ ಪಾಠ ಮುಗಿಸುವಂತಾದೆ.

ಹೋದ ಚಳಿಗಾಲದಲ್ಲಿ ಚಾಚಾ ಯಡ್ರಾಮಿಯ ಮಗಳ ಮನೆಗೆಂದು ಹೊರಟು, ಬಸ್ ಹತ್ತುವ ಮೊದಲೇ ಸ್ಟ್ಯಾಂಡಿನಲ್ಲಿ ಎದೆ ಹಿಡಿದು ಕುಸಿದರು. ಆಸ್ಪತ್ರೆ ಮುಟ್ಟುವ ತನಕ ಜೀವ ಉಳಿಯಲಿಲ್ಲ.

ಮಣ್ಣಾದ ಮರುದಿನ ಅವ್ವ ಹಾಸಿಗೆಯಿಂದ ತಾನಾಗಿ ಎದ್ದಳು. "ಮೂರ ದಿನ ಆ ಮನ್ಯಾಗ ಒಲಿ ಹಚ್ಚೂದಿಲ್ಲ. ಮಗಳು ಅಳಿಯಾ ಎಲ್ಲಾ ಬಂದಾರ. ನೀ ಬಡದ ಕೊಡು, ನಾ ಬೇಯಸ್ತೇನಿ."

"ನಿನ್ನ ಕೈಲಿ ಆಗಂಗಿಲ್ಲ ಬೇ ಅವ್ವಾ."

"ಆಗ್ತದ."

ನಳಿಕೆಯನ್ನು ಉದ್ದ ಮಾಡಿ ಸ್ಟೂಲಿನ ಮೇಲೆ ಕುಳಿತಳು. ಒಂದು ರೊಟ್ಟಿ ಬೇಯಿಸುವಳು, ಉಸಿರು ತೆಗೆದುಕೊಳ್ಳುವಳು, ಇನ್ನೊಂದಕ್ಕೆ ಕೈ ಚಾಚುವಳು. ನಾನು ಬೇಡವೆಂದಾಗಲೆಲ್ಲ ಕಣ್ಣಲ್ಲೇ ಸುಮ್ಮನಾಗಿಸಿದಳು. ಬುಟ್ಟಿ ತುಂಬ ರೊಟ್ಟಿ, ಪುಂಡಿಪಲ್ಯ, ಬೇಳೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಲೆ ಒಮ್ಮೆಯೂ ನಿಲ್ಲಲಿಲ್ಲ.

ಚಾಚಿ ಗೋಡೆಗೊರಗಿ ಕುಳಿತಿದ್ದರು. ನಿನ್ನೆಯಿಂದ ಹನಿ ನೀರೂ ಮುಟ್ಟಿಲ್ಲವೆಂದು ಮಗಳು ಹೇಳಿದಳು. ನಾನು ಬುಟ್ಟಿಯ ಬಟ್ಟೆ ಸರಿಸಿ ಅವರ ಕೈ ಹಿಡಿದು ರೊಟ್ಟಿಯ ಮೇಲಿಟ್ಟೆ.

"ಇನ್ನಾ ಬಿಸಿ ಅದಲ್ಲ," ಎಂದರು. "ಯಾರ ಮಾಡ್ಯಾರ ಬೇ?"

"ಅವ್ವ."

ಅವರು ಬಹಳ ಹೊತ್ತು ಅತ್ತರು. ಆಮೇಲೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು.