ಮಲಯಾದ ಡಿಸೆಂಬರ್ ಮಳೆ

ಗುರುಕಿರಣನ ಹೆಸರು ಕಿವಿಗೆ ಬಿದ್ದರೆ ಸಾಕು, ಚಿದಾನಂದನ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತಿತ್ತು. ಹೊಟ್ಟೆಕಿಚ್ಚು ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ, ಹೆಂಡತಿ ಸೌಮ್ಯಾಳ ಮುಂದೆ ಮಾತ್ರ.

ಬೀಳಗಿಯ ಚಿದಾನಂದ ಇಂಗ್ಲೆಂಡಿನ ಲಫ್‌ಬರೋದಲ್ಲಿ ಓದು ಮುಗಿಸಿ, ಲೆಮಿಂಗ್ಟನ್ ಸ್ಪಾದ ಒಂದು ವಿಡಿಯೋ ಗೇಮ್ ಕಂಪನಿ ಸೇರಿ ಆರು ವರ್ಷವಾಗಿತ್ತು. ಯುದ್ಧದ ಆಟಗಳಿಗೆ ನಕ್ಷೆ ಸಿದ್ಧಮಾಡುವುದು ಅವನ ಕೆಲಸ. ಯಾವ ರಸ್ತೆಯಲ್ಲಿ ಲಾರಿ ಹೋದೀತು, ಯಾವ ತಿಂಗಳು ಯಾವ ಹೊಳೆ ತುಂಬೀತು, ಅದೆಲ್ಲ ಅವನದೇ. ಸರಿಯಿದ್ದರೆ ಯಾರೂ ಅದನ್ನು ನೋಡುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ಕಥೆಯ ಹೊಣೆ. ಬ್ರಿಟಿಷರೂ ಡಚ್ಚರೂ ಜಪಾನಿನ ದಂಡಯಾತ್ರೆಯನ್ನು ತಡೆದಿದ್ದರೆ ಏಷ್ಯಾ ಏನಾಗುತ್ತಿತ್ತು ಎಂಬ ಹೊಸ ಆಟ ಶುರುವಾದಾಗ, ಈ ಸಲ ತನಗೇ ಎಂದು ಹೊಸ ಕೋಟನ್ನೂ ಕೊಂಡಿಟ್ಟಿದ್ದ.

ಹೊಣೆ ಹೋದದ್ದು ಮೈಸೂರಿನ ಗುರುಕಿರಣನಿಗೆ. ಅವನು ಕಂಪನಿಗೆ ಬಂದು ಒಂದೂವರೆ ವರ್ಷವಷ್ಟೇ. ಮೊದಲ ಅಧ್ಯಾಯ ಎಲ್ಲರ ಮುಂದೆ ಆಡಿ ತೋರಿಸಿ ಗೆದ್ದರೆ ಆ ಜಾಗ ಅವನಿಗೇ ಕಾಯಂ ಎಂದು ಮುಖ್ಯಸ್ಥೆ ಹೆಲೆನ್ ಹೇಳಿದ್ದಳು.

ಕಥೆ ಚೆನ್ನಾಗಿತ್ತು, ಅದೇ ಸಂಕಟ. 1941ರ ಡಿಸೆಂಬರಿನಲ್ಲಿ ಬ್ರಿಟಿಷರ ಲಾರಿಗಳು ಮಲಯಾದ ಗಡಿ ದಾಟಿ, ಥಾಯ್ಲೆಂಡಿನ ಕಡಲತೀರಕ್ಕೆ ಜಪಾನಿಯರಿಗಿಂತ ಮುಂಚೆ ತಲುಪುತ್ತವೆ. ಸಿಂಗಪುರ ಉಳಿಯುತ್ತದೆ. ಗೆದ್ದ ಸಾಮ್ರಾಜ್ಯ ಸುಮ್ಮನೆ ಗಂಟುಮೂಟೆ ಕಟ್ಟುತ್ತದೆಯೇ? ಭಾರತಕ್ಕೆ ಸ್ವಾತಂತ್ರ್ಯ ಬರುವುದು 1961ಕ್ಕೆ. ಗೆದ್ದೆ ಎಂದು ಬೀಗುವ ಆಟಗಾರನಿಗೆ ಈ ಸುದ್ದಿ ಕೊನೆಗೆ ಸಿಗುತ್ತದೆ. ಇದೇ ತಿರುವು ಚಿದಾನಂದನ ತಲೆಯಲ್ಲೂ ಎರಡು ವರ್ಷದಿಂದ ಇತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ.

ಸರಿ, ಮೊಸರಿನಲ್ಲಿ ಕಲ್ಲು ಹುಡುಕತೊಡಗಿದ. ಶನಿವಾರ ಬಂದರೆ ಲೈಬ್ರರಿಯಲ್ಲಿ ಠಿಕಾಣಿ. ಆಸ್ಪತ್ರೆಯ ಪಾಳಿ ಕೆಲಸದ ನಡುವೆ ಅಪರೂಪಕ್ಕೆ ರಜೆ ಸಿಕ್ಕ ಸೌಮ್ಯಾಗೆ ರೇಗಿತು. “ತಮ್ಮ ಎಲಿಯಾಗ ಹೆಗ್ಗಣ ಸತ್ತು ಬಿದ್ದಿದ್ರೂ ಮಂದಿ ಎಲಿಯಾಗಿನ ನೊಣ ಹುಡುಕಿದ್ರಂತ. ಹಂಗಾತು ನಿಮ್ಮದು,” ಎಂದಳು. ಅವನು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

ಮೂರನೆಯ ಶನಿವಾರ ನೊಣ ಸಿಕ್ಕಿತು. ಮಲಯಾದಲ್ಲಿ ಕಾದಾಡಿದ್ದ ಸಿಪಾಯಿಯೊಬ್ಬನ ನೆನಪುಗಳ ಪುಸ್ತಕದಲ್ಲಿ ಪುಟಪುಟಕ್ಕೂ ಮಳೆ. ಆ ಕರಾವಳಿಗೆ ಜಡಿಮಳೆ ಬರುವುದೇ ನವೆಂಬರ್, ಡಿಸೆಂಬರಿನಲ್ಲಿ. ಗುರುಕಿರಣನ ಆಟದಲ್ಲೋ ಅದೇ ಡಿಸೆಂಬರಿನ ರಸ್ತೆಗಳು ಒಣಗಿ ಧೂಳೆಬ್ಬಿಸುತ್ತಿದ್ದವು. ಮಳೆ ಎಂದರೆ ಜೂನು, ಡಿಸೆಂಬರ್ ಎಂದರೆ ಅವರೆಕಾಯಿ, ಮೈಸೂರಿನವನಿಗೆ ಇನ್ನೇನು ಗೊತ್ತು ಎಂದು ಚಿದಾನಂದ ಒಬ್ಬನೇ ನಕ್ಕ.

ಚಹಾ ಕುಡಿಯುವಾಗ ಕಿವಿಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಅಧ್ಯಾಯ ಆಡಿ ತೋರಿಸುವ ಗುರುವಾರದ ತನಕ ಕಾದು, ಹೊಸ ಕೋಟು ತೊಟ್ಟು, ಡಿಸೆಂಬರಿನಲ್ಲಿ ಅಲ್ಲಿ ಮಳೆಗಾಲವಲ್ಲವೇ ಎಂದು ಎಲ್ಲರೆದುರು ಕೈಯೆತ್ತಿ ಕೇಳಿದ. ಹೆಲೆನ್ ಮಳೆ ಹಾಕಿಸಿ ಅಧ್ಯಾಯವನ್ನು ಮತ್ತೆ ಆಡಿಸಿದಳು. ಲಾರಿಗಳು ಕೆಸರಿನಲ್ಲಿ ಹೂತವು, ಜಪಾನಿಯರು ಮೊದಲು ಬಂದರು, ಸಿಂಗಪುರ ಬಿತ್ತು. ಚರಿತ್ರೆಯಲ್ಲಿ ಆದದ್ದೇ ಇಲ್ಲೂ ಆಯಿತು. ಹವಾಮಾನದ ಪಟ್ಟಿ ಯಾರದೆಂದು ಅವಳು ಕೇಳಿದಾಗ, ಗುರುಕಿರಣ ಚಿದಾನಂದನ ಕಡೆ ಒಮ್ಮೆ ನೋಡಿ, ತಪ್ಪು ತನ್ನದೇ ಎಂದ. ಸಂಜೆಯೊಳಗೆ ಕಥೆಯ ಹೊಣೆ ಚಿದಾನಂದನಿಗೆ ಬಂತು. ಅವನು ಮನೆಗೆ ಕೇಕ್ ಒಯ್ದ.

ಮಾರನೆಯ ಬೆಳಿಗ್ಗೆ, ತಿದ್ದೋಣವೆಂದು ಪಟ್ಟಿ ತೆರೆದ. ತಯಾರಿಸಿದವರು ಎಂಬಲ್ಲಿ ಅವನದೇ ಹೆಸರಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೆ ಯಾವುದೋ ಆಟಕ್ಕೆಂದು, ನೂರಾರು ಊರುಗಳ ಮಳೆಯನ್ನು ಬೀಳಗಿಯ ಲೆಕ್ಕದಲ್ಲಿ ತುಂಬಿಸಿದ್ದ. ಗುರುಕಿರಣ ಅದನ್ನೇ ಹಾಗೇ ಎತ್ತಿಕೊಂಡಿದ್ದ. ಡಿಸೆಂಬರ್ ಉದ್ದಕ್ಕೂ ಒಣ, ಒಣ, ಒಣ. ಚಿದಾನಂದ ಎದ್ದು ಗುರುಕಿರಣನನ್ನು ಹುಡುಕಿಕೊಂಡು ಹೋದ.

ಅವನು ಆಫೀಸಿನ ಅಡುಗೆಮನೆಯಲ್ಲಿ ಚಹಾದ ಕಪ್ ತೊಳೆಯುತ್ತಿದ್ದ.

“ಆ ಪಟ್ಟಿ ನಂದು ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಸರ್.”

“ಮತ್ತೆ ನಿನ್ನೆ ಯಾಕೆ ಹೇಳಲಿಲ್ಲ?”

“ನೀವು ಮಾಡಿದ್ದು ಅಂತಾನೇ ನಾನು ಚೆಕ್ ಮಾಡಿರಲಿಲ್ಲ,” ಎಂದ ಗುರುಕಿರಣ. “ಅದು ನನ್ನ ತಪ್ಪೇ ಅಲ್ವಾ?”

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚಿದಾನಂದನಿಗೆ ಎಷ್ಟೋ ಹಗುರವಾಗುತ್ತಿತ್ತು. ನೆಟ್ಟಗೆ ಹೆಲೆನ್‌ಳ ಕೋಣೆಗೆ ನಡೆದ. ಅವಳು ತಲೆಯೆತ್ತಿ ಏನೆಂದು ಕೇಳಿದಳು. ನಿಜ ನಾಲಿಗೆಯ ತುದಿಗೆ ಬಂದಿತ್ತು. ಮಳೆಯ ಪಟ್ಟಿ ಸರಿಮಾಡುತ್ತಿದ್ದೇನೆ ಎಂದಷ್ಟೇ ಹೇಳಿ ಹೊರಗೆ ಬಂದ.

ಆರು ವರ್ಷ ಬಯಸಿದ ಕುರ್ಚಿಯಲ್ಲಿ ಕುಳಿತು, ಒಂದೊಂದೇ ಡಿಸೆಂಬರಿಗೆ ಮಳೆ ತುಂಬಿಸತೊಡಗಿದ. ಎದುರು ಸಾಲಿನಲ್ಲಿ ಗುರುಕಿರಣ ಯಾರದೋ ಮಾತಿಗೆ ಮನಸಾರೆ ನಗುತ್ತಿದ್ದ. ಅವನ ಕೈಲಿದ್ದದ್ದೆಲ್ಲ ಈಗ ಚಿದಾನಂದನದೇ. ಆದರೂ ಆ ನಗು ಕಂಡು ಇವನ ಹೊಟ್ಟೆ ಹಿಂದೆಂದೂ ಇಲ್ಲದಷ್ಟು ಉರಿಯಿತು.