ಸ್ಕ್ರೂಗಳು ಸರಿಯಾಗಿಯೇ ಇದ್ದವು

ಆ ವರ್ಷ ದಸರಾ ರಜೆಗೆ ಮುಂಚೆ ನಮ್ಮ ಶಾಲೆಯ ಹೆಡ್‌ಮೇಡಂ ನನ್ನನ್ನು ಕರೆದು ಒಂದು ರಟ್ಟಿನ ಡಬ್ಬಿ ಕೊಟ್ಟರು. ಒಳಗೆ ಪುಟ್ಟ ರೋಬೋಟಿನ ಬಿಡಿಭಾಗಗಳಿದ್ದವು. ಗಾಲಿ, ಮೋಟಾರು, ಸರ್ಕ್ಯೂಟಿನ ಹಲಗೆ, ಬಣ್ಣಬಣ್ಣದ ವೈರು, ಒಂದು ಪೊಟ್ಟಣದ ತುಂಬ ಅಕ್ಕಿಕಾಳಿನಷ್ಟು ಸಣ್ಣ ಸ್ಕ್ರೂಗಳು. ಎಲ್ಲ ಜೋಡಿಸಿ ನೆಲಕ್ಕೆ ಬಿಟ್ಟರೆ ಅದು ಕಪ್ಪು ಪಟ್ಟಿಯೊಂದನ್ನು ಹಿಡಿದು ತಾನಾಗಿಯೇ ಸಾಗಬೇಕು. ಹೈದರಾಬಾದಿನಲ್ಲಿ ಆಗ ಎಲ್ಲೆಲ್ಲೂ ಸಾಫ್ಟ್‌ವೇರಿನ ಮಾತು. ಊರಾಚೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಬೇರೆ ಶಾಲೆಯಲ್ಲಿರುವುದೆಲ್ಲ ನಿಮ್ಮಲ್ಲಿ ಯಾಕಿಲ್ಲ ಎಂದು ಪಾಲಕರು ಹೆಡ್‌ಮೇಡಂ ಜೀವ ತಿನ್ನುತ್ತಿದ್ದರು. ವಿಜ್ಞಾನ ಕಲಿಸುತ್ತಿದ್ದವಳು ನಾನು. ರಜೆಯಲ್ಲಿ ಅದನ್ನು ಜೋಡಿಸಿ ನೋಡಿ, ಎಂಟನೇ ಕ್ಲಾಸಿನ ಮಕ್ಕಳ ಕೈಲಿ ಆಗುತ್ತದೋ ಇಲ್ಲವೋ ಬರೆದುಕೊಡಬೇಕಿತ್ತು.

ತಾರ್ನಾಕದ ಬಾಡಿಗೆ ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ಅಕ್ಕ ಸನತ್‌ನಗರದಲ್ಲಿ ಮೀಟರು ತಯಾರಿಸುವ ಕಾರ್ಖಾನೆಯಲ್ಲಿದ್ದಳು. ಭೂತಗನ್ನಡಿಯ ಕೆಳಗೆ ಕೂದಲೆಳೆಯಂಥ ತಂತಿ ಸುತ್ತುವ ಕೆಲಸ. ನನ್ನನ್ನು ಓದಿಸಿದ್ದು ಆ ಕೆಲಸವೇ. ಹಿಂದಿನ ವರ್ಷ ಕಾರ್ಖಾನೆ ಮುಚ್ಚಿತ್ತು. ಈ ಕಿಟ್ ಮಾಡುವವರ ಶೆಡ್ಡೂ ಸನತ್‌ನಗರದಲ್ಲೇ ಇದೆ, ಜೋಡಣೆಗೆ ಅನುಭವವಿರುವ ಹೆಣ್ಣುಮಕ್ಕಳನ್ನು ಹುಡುಕುತ್ತಿದ್ದಾರಂತೆ ಎಂದು ನಾನು ಹೇಳಿದಾಗ ಅಕ್ಕನ ಮುಖ ಅರಳಿತು.

"ಇದನ್ನ ನಾ ಮಾಡ್ತೀನಿ. ನೀ ಕೈ ಹಚ್ಚಬ್ಯಾಡ," ಅಂದಳು. "ಮಾಡಿದ್ದನ್ನ ಅವ್ರಿಗೆ ತೋರಿಸಿದ್ರ ಸಾಕು, ಕೆಲಸ ಬರ್ತೈತೋ ಇಲ್ಲೋ ಅಂತ ಕೇಳಾಂಗಿಲ್ಲ."

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಪೇಪರು ಹಾಸಿ, ಸ್ಕ್ರೂಗಳನ್ನು ಸ್ಟೀಲ್ ತಟ್ಟೆಗೆ ಸುರಿದುಕೊಂಡು ಕೂತಳು. ನಾನು ಒಳಗೆ ಅಡುಗೆ ಮಾಡುತ್ತಿದ್ದೆ. ತಟ್ಟೆಯ ಮೇಲೆ ಸ್ಕ್ರೂ ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿತು. ಆಮೇಲೆ ಅದು ನಿಲ್ಲಲೇ ಇಲ್ಲ. ಊಟದ ಹೊತ್ತಿಗೆ ಅಕ್ಕ ಎದ್ದುಬಂದು, "ಈ ಸ್ಕ್ರೂ ಚಲೋ ಇಲ್ಲ, ತೂತಿನ್ಯಾಗ ಕುಂದ್ರವಲ್ವು. ಹಂಗಂತ ಬರಿ ನೀ," ಅಂದಳು. ಬರೀತೀನಿ ಅಂದೆ.

ಊಟವಾಗಿ ಅವಳು ಅಡ್ಡಾದ ಮೇಲೆ ನಾನು ಒಂದು ಸ್ಕ್ರೂ ತೆಗೆದುಕೊಂಡು ಗಾಲಿಯ ಹಿಡಿಕೆಗೆ ತಿರುಗಿಸಿ ನೋಡಿದೆ. ಸಲೀಸಾಗಿ ಕೂತಿತು. ಇನ್ನೊಂದು ತೆಗೆದುಕೊಂಡೆ, ಅದೂ ಕೂತಿತು. ಆಗ ಒಂದೊಂದಾಗಿ ನೆನಪಾಗತೊಡಗಿತು. ಅಕ್ಕ ಸೀರೆಗೆ ಪಿನ್ ಹಚ್ಚುವುದನ್ನು ಬಿಟ್ಟಿದ್ದಳು. ಬಂದವರಿಗೆ ಚಹಾ ಒಯ್ಯುವಾಗ ಟ್ರೇ ನನ್ನ ಕೈಗೆ ದಾಟಿಸುತ್ತಿದ್ದಳು. ಸೂಜಿಗೆ ದಾರ ಪೋಣಿಸು ಅಂದರೆ ಕಣ್ಣು ಕಾಣುತ್ತಿಲ್ಲ ಅನ್ನುತ್ತಿದ್ದಳು. ಕೂರಿಸಿದ್ದ ಸ್ಕ್ರೂಗಳನ್ನು ಬಿಚ್ಚಿ ಮತ್ತೆ ತಟ್ಟೆಗೆ ಹಾಕಿದೆ, ಅವಳಿಗೆ ಗೊತ್ತಾಗದಿರಲಿ ಎಂದು.

ಮರುದಿನ ಅಕ್ಕ ಮತ್ತೆ ಕೂತಳು. ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆದರೂ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ತನ್ನಷ್ಟಕ್ಕೆ ಆಡುತ್ತಿತ್ತು, ವಿಭೂತಿ ಪುಡಿ ಮಾಡುವವರ ಹಾಗೆ. ನಾನು ಬಾಗಿಲಲ್ಲೇ ನಿಂತೆ.

"ಅಕ್ಕಾ, ಯಾವಾಗಿಂದ ಹಿಂಗ?"

ತಲೆ ಎತ್ತಲಿಲ್ಲ. "ಕಾರ್ಖಾನೆ ಮುಚ್ಚೋಕಿಂತ ಮೊದಲಿಂದ. ಮುಚ್ಚಿದ್ದೂ ಒಂದು ನಮೂನಿ ಚಲೋನ ಆತು. ಯಾರಿಗೂ ಗೊತ್ತಾಗಲಿಲ್ಲ."

ಕೊನೆಗೆ ಜೋಡಿಸಿದ್ದು ನಾನೇ. ಅಕ್ಕ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಪಕ್ಕದಲ್ಲಿ ಕೂತಳು. ವೈರು ಬೆಸೆಯುವಾಗ ನನ್ನ ಕಣ್ಣಿಗೆ ಹೊಗೆ ಹೋದರೆ ಬಾಯಿಂದ ಊದಿ ಚದುರಿಸುತ್ತಿದ್ದಳು, ಅಷ್ಟೇ. ನೆಲಕ್ಕೆ ಕಪ್ಪು ಟೇಪು ಅಂಟಿಸಿ ಓಡಿಸಿದೆವು. ಮೊದಲ ತಿರುವಿನಲ್ಲೇ ದಾರಿ ತಪ್ಪಿ ಮಂಚದ ಕೆಳಗೆ ಹೋಯಿತು. ಪಟ್ಟಿ ಗುರುತಿಸುವ ಅದರ ಸೆನ್ಸರ್ ಕಣ್ಣುಗಳನ್ನು ನೆಲಕ್ಕೆ ಇನ್ನಷ್ಟು ಇಳಿಸಿದೆ. ಆಮೇಲೆ ತಪ್ಪಲಿಲ್ಲ, ಸುತ್ತುತ್ತಲೇ ಇತ್ತು. ಶಾಲೆಯಲ್ಲಾಗಿದ್ದರೆ ಮಕ್ಕಳು ಕುಣಿಯುತ್ತಿದ್ದರು. ಇಲ್ಲಿ ನಾಲ್ಕು ಸುತ್ತಾದ ಮೇಲೆ ಅಕ್ಕ, "ಸಾಕು, ಬಂದ್ ಮಾಡು," ಅಂದಳು.

ರಜೆ ಮುಗಿಯುವ ಮುನ್ನ ವರದಿ ಬರೆದೆ. ಮಕ್ಕಳ ಕೈಲಿ ಆಗುತ್ತದೆ, ಬೆಸುಗೆ ಹಾಕುವಾಗ ಮಾತ್ರ ದೊಡ್ಡವರು ಜೊತೆಗಿರಬೇಕು, ಕಣ್ಣುಗಳನ್ನು ಎಷ್ಟು ಇಳಿಸಬೇಕೆಂದು ಸೂಚನೆಯಲ್ಲಿ ಸರಿಯಾಗಿ ಹೇಳಿಲ್ಲ ಎಂದೆಲ್ಲ. ಅಕ್ಕ ಕೇಳಿದಳು, "ಸ್ಕ್ರೂ ಬಗ್ಗೆ ಏನು ಬರದಿ?"

"ಚಲೋ ಅದಾವ ಅಂತ ಬರದೀನಿ."

ಅವಳು ಕಿಟಕಿಯ ಕಡೆ ತಿರುಗಿದಳು. "ಹೌದು. ಹಂಗ ಬರೀಬೇಕು," ಅಂದಳು.

ಆ ವಾರವೇ ದವಾಖಾನೆಗೆ ಹೋದೆವು. ಡಾಕ್ಟರು ಅವಳನ್ನು ನಡೆಸಿ, ಬೆರಳಿಗೆ ಬೆರಳು ತಟ್ಟಿಸಿ ನೋಡಿದರು. ಇದು ವಾಸಿಯಾಗುವ ಕಾಯಿಲೆಯಲ್ಲ, ಗುಳಿಗೆಯಿಂದ ಸ್ವಲ್ಪ ತಡೆಯಬಹುದು ಎಂದು ತೆಲುಗಿನಲ್ಲಿ ನನಗೆ ಹೇಳಿದರು. ಅಕ್ಕನಿಗೆ ತೆಲುಗು ಬರುವುದಿಲ್ಲ ಅಂದುಕೊಂಡಿದ್ದರೇನೋ. ಕಾರ್ಖಾನೆಯಲ್ಲಿ ಅಷ್ಟು ವರ್ಷ ಅವಳು ಆಡಿದ್ದೇ ತೆಲುಗು.

ವರದಿ ಒಯ್ಯಲು ಶಾಲೆಗೆ ಬಂದ ಕಿಟ್ಟಿನವರಿಗೆ ಹೆಡ್‌ಮೇಡಂ ಅಕ್ಕನ ವಿಷಯ ಹೇಳಿದ್ದರು. ಅವರು ರೋಬೋಟನ್ನು ತಿರುಗಿಸಿ ನೋಡಿ, ನಿಮ್ಮ ಅಕ್ಕನವರನ್ನು ಕಳಿಸಿ ಮೇಡಂ ಅಂದರು. ಅವರು ಬರುವುದಿಲ್ಲ ಅಂದೆ. ಯಾಕೆಂದು ಕೇಳಿದರೆ ಏನು ಹೇಳುವುದೆಂದು ಹೆದರಿದ್ದೆ. ಅವರು ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಸುಲ್ತಾನ್ ಬಜಾರಿನಲ್ಲಿ ಅಕ್ಕನ ಜೊತೆ ಕೆಲಸ ಮಾಡಿದ ಬೀದರ್ ಕಡೆಯ ಹೆಂಗಸೊಬ್ಬಳು ಸಿಕ್ಕಳು. ಅವಳೀಗ ಅದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು.

"ನೀವು ನೌಕರಿ ಮಾಡ್ತೀರಿ, ಅಕ್ಕನ್ನ ಯಾಕ ಮನ್ಯಾಗ ಕುಂದ್ರಿಸೀರಿ?" ಅಂದಳು. "ನಾ ಕರಿಯಾಕ ಬಂದಾಗ ಅವ್ರ ಹೇಳಿದ್ರು, ತಂಗಿ ಬ್ಯಾಡ ಅಂತಾಳ ಅಂತ. ಅಂಥಾ ಕೈ ಯಾರಿಗೂ ಇರಲಿಲ್ಲ ನೋಡ್ರಿ ನಮ್ಮ ಕಾರ್ಖಾನ್ಯಾಗ."

ಅವಳು ಮನೆಗೆ ಬಂದಿದ್ದೇ ನನಗೆ ಗೊತ್ತಿರಲಿಲ್ಲ.

"ಹೌದ್ರಿ," ಅಂದೆ. "ನಾನ ಬ್ಯಾಡ ಅಂದೀನಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗದ್ದಲದೊಳಗೆ ನಡೆದುಹೋದಳು. ಅಕ್ಕ ಆಮೇಲೂ ಹಲವು ವರ್ಷ ಬದುಕಿದಳು. ಕೊನೆಕೊನೆಗೆ ಊಟವನ್ನೂ ನಾನೇ ಮಾಡಿಸುತ್ತಿದ್ದೆ. ಬಜಾರಿನಲ್ಲಿ ನಡೆದದ್ದನ್ನು ಅವಳಿಗೆ ಹೇಳಲಿಲ್ಲ. ಕಾರ್ಖಾನೆಯ ಹೆಂಗಸರು ಇಂದಿಗೂ ನನ್ನ ಬಗ್ಗೆ ಹಾಗೆಯೇ ಅಂದುಕೊಂಡಿರಬೇಕು.