ಹಾಗೂ ಅವನ ಹೆಂಡತಿ

ಎನಿಡ್ ಹೋಲ್‌ರಾಯ್ಡ್ ತನ್ನ ಐವತ್ತೆಂಟು ವರ್ಷಗಳಲ್ಲಿ ಮೂವತ್ತನ್ನು ಕಲ್ಲಿನ ಮುಂದೆಯೇ ಕಳೆದವಳು. ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ಗಿರಣಿ ಊರಿನಲ್ಲಿ ಸಮಾಧಿಕಲ್ಲು ಮಾಡುವ ಅಂಗಳ ಗಂಡ ವಿಲ್ಫ್ರೆಡ್‌ನದು. ಬೋರ್ಡಿನ ಮೇಲಿದ್ದ ಹೆಸರೂ ಅವನದೇ. ಕಲ್ಲು ತರುವುದು, ಕೊಯ್ಯುವುದು, ನಯ ಮಾಡುವುದು ಅವನು. ಅಕ್ಷರ ಕೆತ್ತುವವಳು ಎನಿಡ್. ಅವಳು ಗೆರೆ ಎಳೆದು ಉಳಿ ಇಟ್ಟಳೆಂದರೆ ಒಂದಕ್ಷರ ಸೊಟ್ಟಗಾದದ್ದಿಲ್ಲ. ಗಿರಾಕಿಗಳು ಹೊಗಳುತ್ತಿದ್ದದ್ದು ಮಾತ್ರ ವಿಲ್ಫ್ರೆಡ್‌ನ ಕೈಯನ್ನು. ಅವನು ಅದನ್ನು ತಿದ್ದಲಿಲ್ಲ. ಇವಳೂ ತಿದ್ದಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಹದಿಮೂರನೆಯ ವರ್ಷ, ಕಲ್ಲಿನ ಧೂಳು ಎದೆಗಿಳಿದು ವಿಲ್ಫ್ರೆಡ್ ತೀರಿಕೊಂಡ. ಗಂಡನ ಕಲ್ಲನ್ನು ಹೆಂಡತಿಯ ಕೈಯಲ್ಲೇ ಕೆತ್ತಿಸುವುದೇ, ಪಾಪ, ಎಂದು ಮೈದುನ ಕ್ಲಿಫರ್ಡ್ ಪಕ್ಕದೂರಿನಲ್ಲಿ ಮಾಡಿಸಿ ತಂದು ನಿಲ್ಲಿಸಿದ. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳನ್ನು ಚರ್ಚಿನ ಹಿಂದಿನ ಸ್ಮಶಾನಕ್ಕೆ ಕರೆದೊಯ್ದು ತೋರಿಸಿದ.

ವಿಲ್ಫ್ರೆಡ್ ಹೋಲ್‌ರಾಯ್ಡ್. ಹುಟ್ಟಿದ ದಿನ, ಸತ್ತ ದಿನ. ಕೆಳಗೆ, ಹಾಗೂ ಅವನ ಹೆಂಡತಿ. ಅದರ ಕೆಳಗೆ ಒಂದು ತಾರೀಕು ಹಿಡಿಸುವಷ್ಟು ಖಾಲಿ ಜಾಗ.

ಎನಿಡ್ ಆ ಸಾಲಿನ ಮೇಲೆ ಬೆರಳಿಟ್ಟಳು.

"ನನ್ನ ಹೆಸರೆಲ್ಲೋ?"

"ಇದೆಯಲ್ಲ ಅತ್ತಿಗೆ, ಅವನ ಹೆಂಡ್ತಿ ಅಂತ. ಅವನಿಗೇನು ನಾಲ್ಕು ಜನ ಇದ್ರಾ? ಊರಿಗೆಲ್ಲ ಗೊತ್ತು."

"ನಾನಿನ್ನೂ ಬದುಕಿದೀನಿ ಕಣೋ!"

"ಅದಕ್ಕೇ ಅಲ್ವಾ ತಾರೀಕಿಗೆ ಜಾಗ ಬಿಡ್ಸಿರೋದು?"

ಅವನು ತಮಾಷೆ ಮಾಡುತ್ತಿರಲಿಲ್ಲ. ಒಳ್ಳೆಯದನ್ನೇ ಮಾಡಿದೆನೆಂಬ ನೆಮ್ಮದಿ ಅವನ ಮುಖದಲ್ಲಿತ್ತು. ಎನಿಡ್ ಸುತ್ತ ನೋಡಿದಳು. ಆ ಸಾಲಿನಲ್ಲಿ ಅವಳೇ ಕೆತ್ತಿದ ಕಲ್ಲುಗಳು. ಅವನ ಹೆಂಡತಿ, ಅವನ ಹೆಂಡತಿ, ಅವನ ಹೆಂಡತಿ. ಗಿರಾಕಿ ಚೀಟಿ ಕೊಟ್ಟ, ಇವಳು ಉಳಿ ಎತ್ತಿದಳು. ಆಕೆಗೊಂದು ಹೆಸರಿತ್ತಲ್ಲ ಎಂದು ಒಮ್ಮೆಯಾದರೂ ಕೇಳಿದ್ದಳೇ? ಇಷ್ಟು ಹೆಂಗಸರನ್ನು ತನ್ನ ಚೆಂದದ ಅಕ್ಷರದಲ್ಲೇ ಅಳಿಸಿಹಾಕಿದ್ದಳು.

ಮೂರು ಕಲ್ಲಿನಾಚೆ ಕ್ಲಿಫರ್ಡ್‌ನ ಅಜ್ಜ ಮಲಗಿದ್ದ.

"ನಿಮ್ಮಜ್ಜಿ ಹೆಸರು ಹೇಳು."

ಅವನು ನಗುತ್ತ ಹೋಗಿ ಪಾಚಿ ಕೆರೆದ. ಅಲ್ಲೂ ಅದೇ ಎರಡು ಪದ. ನಗು ಅಲ್ಲೇ ನಿಂತಿತು.

"ಅಜ್ಜಿ... ನಾವು ಅಜ್ಜಿ ಅಂತಾನೇ ಕರೀತಿದ್ದಿದ್ದು."

"ತಾಯಿ ಸತ್ತ ಮೇಲೆ ನಿನ್ನ ಎತ್ತಿ ಆಡಿಸಿದ್ದು ಆಕೇನೇ ಅಲ್ವೇನೋ?"

ಕ್ಲಿಫರ್ಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮರುದಿನ ಬೆಳಿಗ್ಗೆ ಎನಿಡ್ ಉಳಿ, ಸುತ್ತಿಗೆ, ಮಂಡಿಗೊಂದು ಗೋಣಿಚೀಲ ತಂದು ಕಲ್ಲಿನ ಮುಂದೆ ಕೂತಳು. ಸುದ್ದಿ ತಿಳಿದು ಕ್ಲಿಫರ್ಡ್ ಓಡಿಬಂದ.

"ಪಾದ್ರಿಗಳ ಅಪ್ಪಣೆ ಬೇಕಲ್ಲ ಅತ್ತಿಗೆ!"

"ನನ್ನ ಹೆಸರಿಲ್ದೆ ಹೂಳೋಕೆ ನೀನು ಯಾರ ಅಪ್ಪಣೆ ತಗೊಂಡಿದ್ದೆ?"

"ಹೋಗ್ಲಿ, ತೀರಾ ಕೆಳಗೆ ಬೇಕಾದಷ್ಟು ಜಾಗ ಇದೆ, ಅಲ್ಲಿ ಹಾಕ್ಕೊ."

"ಅಲ್ಲಿ ಹುಲ್ಲು ಬೆಳೆದು ಮುಚ್ಚುತ್ತೆ. ಅಷ್ಟೂ ಗೊತ್ತಿಲ್ವಾ ನಂಗೆ?"

ತಾರೀಕಿಗೆಂದು ಬಿಟ್ಟ ಜಾಗದಲ್ಲೇ ಅವಳು ಸೀಮೆಸುಣ್ಣದ ಗೆರೆ ಎಳೆದಳು.

"ಮತ್ತೆ ತಾರೀಕು ಎಲ್ಲಿ ಹಾಕ್ಸೋದು?"

"ಆಗ ನಾನಿರಲ್ಲ. ಅದನ್ನ ನೀನೇ ಹುಡುಕ್ಕೋ."

ಸುತ್ತಿಗೆ ಬಿತ್ತು. ಅವಳ ಹೆಸರಿನ ಮೊದಲ ಅಕ್ಷರವಾದ E ಯ ನೆಟ್ಟಗಿನ ಬೆನ್ನು ಕಲ್ಲಿನಲ್ಲಿ ಬೆಳ್ಳಗೆ ಮೂಡಿತು.